ಕಂಪನಿ ಪಾಪರಾದರೆ ಕೋರ್ಟಿದೆ, ದೇಶ ಪಾಪರಾದರೆ?

2022ರ ಜನವರಿ 18. ಶ್ರೀಲಂಕಾ ಸರ್ಕಾರ ಅಂದು ವಿದೇಶಿ ಬಾಂಡ್‌ದಾರರಿಗೆ, ಅಂದರೆ ತನ್ನ ಸಾಲಪತ್ರ ಕೊಂಡು ಸಾಲ ಕೊಟ್ಟವರಿಗೆ, 50 ಕೋಟಿ ಡಾಲರ್ ಕಟ್ಟಿತು. ಗಡುವಿನ ದಿನವೇ, ಬಿಡಿಗಾಸೂ ಬಾಕಿ ಇಡದೆ. ಆ ಹೊತ್ತಿಗಾಗಲೇ ಅಲ್ಲಿನ ಜನ ಅಡುಗೆ ಗ್ಯಾಸಿಗೆ, ಹಾಲಿನ ಪುಡಿಗೆ ಸಾಲುಗಟ್ಟಿ ನಿಲ್ಲುತ್ತಿದ್ದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದ ಇಲ್ಲ ಅಂತ ಪಶ್ಚಿಮ ಪ್ರಾಂತ್ಯದ ಶಾಲೆಗಳ ಪರೀಕ್ಷೆಯನ್ನೇ ಮುಂದೂಡಿದರು. ಏಪ್ರಿಲ್ 12ಕ್ಕೆ ಸರ್ಕಾರ ಕೈಚೆಲ್ಲಿತು. ಇನ್ನು ವಿದೇಶಿ ಸಾಲ ಕಟ್ಟಲು ಆಗುವುದಿಲ್ಲ ಎಂದಿತು. ಮೇ 4ರಂದು ಹಣಕಾಸು ಸಚಿವ ಅಲಿ ಸಬ್ರಿ ಸಂಸತ್ತಿಗೆ ಕೊಟ್ಟ ಲೆಕ್ಕ ಇನ್ನೂ ಗಾಬರಿ ಹುಟ್ಟಿಸುವಂಥದ್ದು. ಖರ್ಚಿಗೆ ಸಿಗುವ ಡಾಲರ್ ಉಳಿದಿರುವುದು 5 ಕೋಟಿಗಿಂತ ಕಡಿಮೆ. ಜನವರಿಯಲ್ಲಿ ಕಟ್ಟಿದ ದುಡ್ಡಿನ ಹತ್ತನೇ ಒಂದು ಪಾಲೂ ಅಲ್ಲ.

ಆ 50 ಕೋಟಿ ಈಗ ಕಟ್ಟಬೇಡಿ, ಊಟಕ್ಕೆ ಔಷಧಿಗೆ ಇಟ್ಟುಕೊಳ್ಳಿ ಅಂತ ಅಲ್ಲಿನ ಕೆಲವು ಅರ್ಥಶಾಸ್ತ್ರಜ್ಞರು ಮೊದಲೇ ಹೇಳಿದ್ದರು. ಸರ್ಕಾರ ಕೇಳಲಿಲ್ಲ. ಬರೀ ಮೊಂಡುತನ ಅಂತ ಬೈದುಬಿಡಬಹುದು. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಕಟ್ಟುವುದು ನಿಲ್ಲಿಸಿದರೆ ಮುಂದೆ ಯಾರ ಹತ್ತಿರ ಹೋಗಬೇಕು? ಯಾರು ತೀರ್ಪು ಕೊಡುತ್ತಾರೆ? ಎಷ್ಟು ತಿಂಗಳಿಗೆ ಮುಗಿಯುತ್ತದೆ? ಒಂದು ದೇಶಕ್ಕೆ ಇದ್ಯಾವುದಕ್ಕೂ ಬರೆದಿಟ್ಟ ಉತ್ತರವಿಲ್ಲ. ಹಾಗಾಗಿ ಇನ್ನೊಂದು ಕಂತು, ಮತ್ತೊಂದು ಕಂತು ಅಂತ ಕೊನೆಯ ಡಾಲರ್ ತನಕ ಕಟ್ಟುತ್ತಲೇ ಹೋಗುತ್ತಾರೆ. ಜಾಗತಿಕ ಹಣಕಾಸು ವ್ಯವಸ್ಥೆಯ ಸುಧಾರಣೆ ಅಂತ ದೊಡ್ಡ ಸಮ್ಮೇಳನಗಳಲ್ಲಿ ನಡೆಯುವ ಮಾತುಕತೆಯ ಅರ್ಧ ಭಾಗ ಇದರ ಸುತ್ತಲೇ ಇದೆ. ಇನ್ನರ್ಧ, ಇಲ್ಲಿಗೆ ಬಂದು ಮುಟ್ಟದ ಹಾಗೆ ಮೊದಲೇ ತಡೆಯುವುದು ಹೇಗೆ ಅನ್ನೋದು.

ನಮ್ಮಲ್ಲಿ ಒಂದು ಕಂಪನಿ ಮುಳುಗಿತು ಅಂತಿಟ್ಟುಕೊಳ್ಳಿ. 2016ರ ದಿವಾಳಿ ಸಂಹಿತೆ ಇದೆ. ಅರ್ಜಿ ಅಂಗೀಕಾರವಾದ ಕೂಡಲೇ ಸಾಲ ಕೊಟ್ಟವರು ಯಾರೂ ಪ್ರತ್ಯೇಕವಾಗಿ ಕೋರ್ಟಿಗೆ ಹೋಗಿ ಆಸ್ತಿ ಜಪ್ತಿ ಮಾಡಿಸುವಂತಿಲ್ಲ. ಸಾಲ ಕೊಟ್ಟವರೆಲ್ಲ ಒಂದು ಸಮಿತಿಯಾಗಿ ಕೂರುತ್ತಾರೆ. ಶೇ 66ರಷ್ಟು ಮತ ಬಿದ್ದರೆ ತೀರ್ಮಾನ ಎಲ್ಲರಿಗೂ ಅನ್ವಯ. ಎಲ್ಲವೂ 330 ದಿನದೊಳಗೆ ಮುಗಿಯಬೇಕು. (ಆ ಗಡುವು ಎಷ್ಟು ಸಲ ಮೀರಿ ಹೋಗುತ್ತದೆ ಅನ್ನೋದು ಬೇರೆ ಮಾತು.) ದೇಶಗಳಿಗೆ ಇಂಥ ಕಾನೂನೂ ಇಲ್ಲ, ಕೋರ್ಟೂ ಇಲ್ಲ, ಗಡುವೂ ಇಲ್ಲ.

ಲಂಕಾಕ್ಕೆ ಸಾಲ ಕೊಟ್ಟವರು ಯಾರು?

ಶ್ರೀಲಂಕಾ ತನ್ನ ರೂಪಾಯಿಯನ್ನು ಎಷ್ಟು ಬೇಕಾದರೂ ಅಚ್ಚು ಹಾಕಬಹುದು. ಡಾಲರ್ ಅಚ್ಚು ಹಾಕಲು ಬರುವುದಿಲ್ಲ. ಟೀ, ಸಿದ್ಧ ಉಡುಪು, ಪ್ರವಾಸಿಗರು, ಗಲ್ಫ್‌ನಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ, ಇಷ್ಟರಿಂದಲೇ ಡಾಲರ್ ಬರಬೇಕು. 2019ರ ಈಸ್ಟರ್ ದಿನದ ಬಾಂಬ್ ದಾಳಿಯಿಂದ ಪ್ರವಾಸಿಗರು ಕಡಿಮೆಯಾದರು. ಹಿಂದೆಯೇ ಕೋವಿಡ್ ಬಂತು. ಸರ್ಕಾರದ ತಪ್ಪೂ ಕಡಿಮೆಯಿಲ್ಲ. 2019ರ ಕೊನೆಗೆ ವ್ಯಾಟ್ ಅನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿ ಬೊಕ್ಕಸವನ್ನು ಬರಿದು ಮಾಡಿಕೊಂಡರು. 2021ರಲ್ಲಿ ರಾತ್ರೋರಾತ್ರಿ ಎಂಬಂತೆ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿ ಭತ್ತ, ಚಹಾ ಎರಡಕ್ಕೂ ಪೆಟ್ಟು ಕೊಟ್ಟರು. ಆಮೇಲೆ 2022ರ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್, ಅಂದರೆ ಫೆಡ್, ಬಡ್ಡಿ ಏರಿಸಲು ಶುರು ಮಾಡಿತು. ಬಡ ದೇಶಗಳಿಗೆ ಹೊಸ ಡಾಲರ್ ಸಾಲ ಸಿಗುವುದು ಇನ್ನೂ ಕಷ್ಟವಾಯಿತು.

ಇನ್ನು ಸಾಲ ಕೊಟ್ಟವರ ಪಟ್ಟಿ. ಮೊದಲನೆಯ ಗುಂಪು ವಿಶ್ವ ಬ್ಯಾಂಕ್, ಏಷ್ಯನ್ ಅಭಿವೃದ್ಧಿ ಬ್ಯಾಂಕ್‌ಗಳಂಥ ಸಂಸ್ಥೆಗಳು. ಇವರ ಸಾಲಕ್ಕೆ ಯಾರೂ ಕತ್ತರಿ ಹಾಕುವುದಿಲ್ಲ, ಅದು ಹಳೆಯ ರೂಢಿ. ಎರಡನೆಯದು ಬೇರೆ ಸರ್ಕಾರಗಳು: ಚೀನಾ, ಜಪಾನ್, ಭಾರತ. ಮೂರನೆಯದು ನ್ಯೂಯಾರ್ಕ್, ಲಂಡನ್‌ನ ಫಂಡ್‌ಗಳ ಕೈಯಲ್ಲಿದ್ದ ಸುಮಾರು 1,250 ಕೋಟಿ ಡಾಲರಿನ ಬಾಂಡ್‌ಗಳು. ಈ ಬಾಂಡ್‌ಗಳ ಜಗಳ ಬಂದರೆ ತೀರ್ಮಾನ ಆಗುವುದು ಕೊಲಂಬೊದಲ್ಲಿ ಅಲ್ಲ, ನ್ಯೂಯಾರ್ಕ್ ಕಾನೂನಿನ ಪ್ರಕಾರ. ಜಗತ್ತಿನ ವಿದೇಶಿ ಬಾಂಡ್‌ಗಳಲ್ಲಿ ಬಹುಪಾಲು ಹೀಗೆಯೇ ನ್ಯೂಯಾರ್ಕ್ ಅಥವಾ ಇಂಗ್ಲೆಂಡಿನ ಕಾನೂನಿಗೆ ಕಟ್ಟುಬಿದ್ದಿವೆ.

ಇಂಥ ಹೊತ್ತಲ್ಲಿ ಎಲ್ಲರೂ ಓಡುವುದು ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್ ಹತ್ತಿರ. ಆದರೆ ಐಎಂಎಫ್‌ಗೂ ಒಂದು ನಿಯಮ ಇದೆ. ತೀರಿಸಲಾಗದಷ್ಟು ಸಾಲ ಇರುವ ದೇಶಕ್ಕೆ ಅದು ಹಾಗೇ ಹಣ ಕೊಡುವಂತಿಲ್ಲ. ಹಳೆಯ ಸಾಲ ಕೊಟ್ಟವರು ಮೊದಲು 'ನಾವು ಸ್ವಲ್ಪ ಬಿಟ್ಟುಕೊಡುತ್ತೇವೆ' ಅಂತ ಭರವಸೆ ಕೊಡಬೇಕು. ಇಲ್ಲದಿದ್ದರೆ ಐಎಂಎಫ್ ಕೊಟ್ಟ ದುಡ್ಡು ನೇರವಾಗಿ ಹಳೆಯ ಸಾಲ ಕೊಟ್ಟವರ ಜೇಬಿಗೆ ಹೋಗುತ್ತದೆ, ಅಲ್ವಾ? ನಿಯಮ ನ್ಯಾಯವಾದದ್ದೇ. ಆದರೆ ಇದರಿಂದ ಸಾಲ ಕೊಟ್ಟ ಒಬ್ಬೊಬ್ಬರ ಕೈಗೂ ಒಂದೊಂದು ಬೀಗದ ಕೈ ಸಿಕ್ಕಿತು.

ಲಂಕಾದಲ್ಲಿ ಆದದ್ದು ಇದೇ. 2022ರ ಸೆಪ್ಟೆಂಬರ್ 1ರಂದು ಐಎಂಎಫ್ ಸಿಬ್ಬಂದಿ ಮತ್ತು ಸರ್ಕಾರದ ನಡುವೆ ಒಪ್ಪಂದವಾಯಿತು. ಸುಮಾರು 300 ಕೋಟಿ ಡಾಲರ್, ನಾಲ್ಕು ವರ್ಷದಲ್ಲಿ. ಹಣ ಮಾತ್ರ ಬರಲಿಲ್ಲ. ಭಾರತ ಭರವಸೆಯ ಪತ್ರ ಕೊಟ್ಟಿದ್ದು 2023ರ ಜನವರಿಯಲ್ಲಿ, ದೊಡ್ಡ ಸಾಲ ಕೊಟ್ಟವರಲ್ಲಿ ಮೊದಲಿಗೆ. ಚೀನಾ ಮೊದಲು ಕೊಟ್ಟ ಪತ್ರದಲ್ಲಿ ಬರೀ ಎರಡು ವರ್ಷ ಕಂತು ಕೇಳುವುದಿಲ್ಲ ಅಂತಿತ್ತು. ಅದು ಸಾಲದು ಅಂತಾಗಿ ಮಾರ್ಚ್‌ನಲ್ಲಿ ಇನ್ನೊಂದು ಪತ್ರ ಬಂತು. ಕಡೆಗೆ ಮಾರ್ಚ್ 20ಕ್ಕೆ ಐಎಂಎಫ್ ಮಂಡಳಿ ಒಪ್ಪಿತು. ಆರು ತಿಂಗಳಿಗೂ ಜಾಸ್ತಿ ಕಾದದ್ದು ಬರೀ ಪತ್ರಗಳಿಗಾಗಿ. ಆ ನಡುವೆ ಹಣದುಬ್ಬರ ಶೇ 70ರ ಹತ್ತಿರ ಹೋಗಿ ಬಂದಿತ್ತು. ವಿಶ್ವ ಬ್ಯಾಂಕಿನ ಅಂದಾಜಿನ ಪ್ರಕಾರ ಬಡವರ ಪ್ರಮಾಣ ಒಂದೇ ವರ್ಷದಲ್ಲಿ ದುಪ್ಪಟ್ಟಾಗಿ ಜನಸಂಖ್ಯೆಯ ಕಾಲು ಭಾಗ ಮುಟ್ಟಿತ್ತು.

ಅಷ್ಟು ದಿನ ದೇಶ ನಡೆದದ್ದು ಹೇಗೆ ಅಂದರೆ, ಅದರಲ್ಲಿ ಭಾರತದ ಪಾಲು ದೊಡ್ಡದು. 2022ರಲ್ಲಿ ಭಾರತ ಸುಮಾರು 400 ಕೋಟಿ ಡಾಲರಿನಷ್ಟು ನೆರವು ಕೊಟ್ಟಿತು. ಪೆಟ್ರೋಲ್, ಡೀಸೆಲ್‌ಗೆ ಸಾಲ, ಆಹಾರ ಮತ್ತು ಔಷಧಿಗೆ ಸಾಲ, ರಿಸರ್ವ್ ಬ್ಯಾಂಕಿನಿಂದ 40 ಕೋಟಿ ಡಾಲರಿನ ಕರೆನ್ಸಿ ವಿನಿಮಯ. ಪಕ್ಕದಲ್ಲಿ ಇಂಥ ನೆರೆಯವರು ಇಲ್ಲದ ದೇಶದ ಗತಿ ಏನು ಅಂತ ಯೋಚಿಸಿ.

ಒಬ್ಬ ಮಾತ್ರ ಒಪ್ಪದಿದ್ದರೆ

ಊರಿನ ಒಬ್ಬ ಅಂಗಡಿಯವನಿಗೆ ಸೊಸೈಟಿಯಲ್ಲಿ ಸಾಲ, ಚೀಟಿಯಲ್ಲಿ ಸಾಲ, ನೆಂಟರ ಕೈಸಾಲ, ಮೀಟರ್ ಬಡ್ಡಿಯವನ ಸಾಲ ಎಲ್ಲವೂ ಇದೆ ಅಂದುಕೊಳ್ಳಿ. ಅಂಗಡಿ ಮುಚ್ಚಿದರೆ ಯಾರಿಗೂ ಏನೂ ಸಿಗುವುದಿಲ್ಲ. ಎಲ್ಲರೂ ಅರ್ಧರ್ಧ ಬಿಟ್ಟರೆ ಅಂಗಡಿ ಉಳಿಯುತ್ತದೆ, ಉಳಿದರ್ಧ ನಿಧಾನವಾಗಿ ಬರುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ 'ಉಳಿದವರು ಬಿಡಲಿ, ನನಗೆ ಪೂರ್ತಿ ಬೇಕು' ಅಂತ ಒಬ್ಬ ಪಟ್ಟು ಹಿಡಿದರೆ ಉಳಿದವರು ಬಿಟ್ಟುಕೊಟ್ಟ ದುಡ್ಡೆಲ್ಲ ಅವನ ಪಾಲಾಗುತ್ತದೆ. ಅದನ್ನು ನೋಡಿದ ಮೇಲೆ ಯಾರೂ ಬಿಡಲು ತಯಾರಿರುವುದಿಲ್ಲ.

ಅರ್ಜೆಂಟೀನಾದ ಕಥೆ ಕೇಳಿದರೆ ಇದು ಎಷ್ಟು ದೂರ ಹೋಗಬಹುದು ಅಂತ ಗೊತ್ತಾಗುತ್ತದೆ. 2001ರ ಡಿಸೆಂಬರ್‌ನಲ್ಲಿ ಆ ದೇಶ 8,000 ಕೋಟಿ ಡಾಲರಿಗೂ ಹೆಚ್ಚಿನ ಸಾಲ ಕಟ್ಟುವುದನ್ನು ನಿಲ್ಲಿಸಿತು. 2005 ಮತ್ತು 2010ರಲ್ಲಿ ಎರಡು ಸಲ ಹಳೆಯ ಬಾಂಡ್ ವಾಪಸ್ ಪಡೆದು ಕಡಿಮೆ ಮೌಲ್ಯದ ಹೊಸ ಬಾಂಡ್ ಕೊಟ್ಟಿತು. ಬಾಂಡ್‌ದಾರರಲ್ಲಿ ಶೇ 93ರಷ್ಟು ಜನ ಒಪ್ಪಿದರು. ಉಳಿದ ಶೇ 7ರಲ್ಲಿ ನ್ಯೂಯಾರ್ಕಿನ ಎಲಿಯಟ್ ಎಂಬ ಹೆಡ್ಜ್ ಫಂಡ್‌ನ ಅಂಗಸಂಸ್ಥೆ ಎನ್‌ಎಂಎಲ್ ಕ್ಯಾಪಿಟಲ್ ಇತ್ತು. ಪೇಟೆಯಲ್ಲಿ ಬೆಲೆ ಬಿದ್ದಾಗ ಚಿಲ್ಲರೆ ಕಾಸಿಗೆ ಬಾಂಡ್ ಕೊಂಡು, ಮುಖಬೆಲೆ ಪೂರ್ತಿ ಕೊಡಿ ಅಂತ ಕೇಸು ಹಾಕುವುದು ಇವರ ವ್ಯವಹಾರ. ಇಂಥವರಿಗೆ ರಣಹದ್ದು ಫಂಡ್ ಅಂತಲೇ ಹೆಸರು.

2012ರ ಅಕ್ಟೋಬರ್ 2. ಅರ್ಜೆಂಟೀನಾ ನೌಕಾಪಡೆಯ ತರಬೇತಿ ಹಡಗು 'ಲಿಬೆರ್ತಾದ್' ಘಾನಾ ದೇಶದ ತೇಮಾ ಬಂದರಿನಲ್ಲಿ ನಿಂತಿತ್ತು. ಮೂರು ಪಟಸ್ತಂಭದ ಚೆಂದದ ಹಾಯಿ ಹಡಗು, ಒಳಗೆ ಕಲಿಯಲು ಬಂದ ಹುಡುಗರು. ಎನ್‌ಎಂಎಲ್ ಅಲ್ಲಿನ ಕೋರ್ಟಿಗೆ ಹೋಗಿ ಹಡಗನ್ನೇ ಜಪ್ತಿ ಮಾಡಿಸಿತು. ಸಿಬ್ಬಂದಿಯಲ್ಲಿ ಬಹುತೇಕರನ್ನು ವಿಮಾನದಲ್ಲಿ ಊರಿಗೆ ಕಳಿಸಬೇಕಾಯಿತು. ಕೆಲವರು ಹಡಗು ಕಾಯುತ್ತ ಅಲ್ಲೇ ಉಳಿದರು. ಹ್ಯಾಂಬರ್ಗ್‌ನ ಅಂತರರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿ ಡಿಸೆಂಬರ್ 15ರಂದು ಆದೇಶ ಕೊಟ್ಟ ಮೇಲೆ ಹಡಗು ಹೊರಟಿತು.

ದೊಡ್ಡ ಪೆಟ್ಟು ಬಿದ್ದದ್ದು ನ್ಯೂಯಾರ್ಕಿನಲ್ಲಿ. ನ್ಯಾಯಾಧೀಶ ಥಾಮಸ್ ಗ್ರೀಸಾ ಕೊಟ್ಟ ಆದೇಶದ ತಿರುಳು ಇಷ್ಟು: ಪಟ್ಟು ಹಿಡಿದವರಿಗೆ ಕಟ್ಟದೆ ಒಪ್ಪಿಕೊಂಡವರಿಗೂ ಕಟ್ಟುವಂತಿಲ್ಲ. ಅರ್ಜೆಂಟೀನಾ ದುಡ್ಡು ಕೊಡಲು ತಯಾರಿತ್ತು, ಶೇ 93ರಷ್ಟು ಜನ ತೆಗೆದುಕೊಳ್ಳಲು ತಯಾರಿದ್ದರು, ಆದರೂ 2014ರ ಜುಲೈ ಕೊನೆಗೆ ದೇಶ ಮತ್ತೆ ಸುಸ್ತಿದಾರ ಆಯಿತು. 2015ರ ಕೊನೆಗೆ ಬಂದ ಹೊಸ ಸರ್ಕಾರ 2016ರಲ್ಲಿ ರಾಜಿ ಮಾಡಿಕೊಂಡಿತು. ಎಲಿಯಟ್‌ಗೆ ಸಿಕ್ಕಿದ್ದು 200 ಕೋಟಿ ಡಾಲರಿಗೂ ಹೆಚ್ಚು. ಹದಿನೈದು ವರ್ಷ ತಾಳ್ಮೆಯಿಂದ ಕೂತವನಿಗೆ ಲಾಭ, ಮೊದಲೇ ಒಪ್ಪಿದವರಿಗೆ ಕತ್ತರಿ. ಇದನ್ನು ನೋಡಿದ ಬೇರೆ ಫಂಡ್‌ಗಳು ಏನು ಕಲಿತಿರಬಹುದು, ನೀವೇ ಹೇಳಿ.

ಬಡ ದೇಶಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. ಜಾಂಬಿಯಾ ರೊಮೇನಿಯಾಕ್ಕೆ ಕೊಡಬೇಕಿದ್ದ ಹಳೆಯ ಸಾಲವೊಂದನ್ನು ಡೊನೆಗಲ್ ಎಂಬ ಕಂಪನಿ 1999ರಲ್ಲಿ ಸುಮಾರು 33 ಲಕ್ಷ ಡಾಲರಿಗೆ ಕೊಂಡಿತು. ಆಮೇಲೆ ಲಂಡನ್ ಕೋರ್ಟಿನಲ್ಲಿ 5.5 ಕೋಟಿ ಡಾಲರ್ ಕೇಳಿತು. 2007ರಲ್ಲಿ ಅದಕ್ಕೆ ಸಿಕ್ಕ ತೀರ್ಪು 1.5 ಕೋಟಿ ಡಾಲರಿಗೂ ಹೆಚ್ಚಿನದು. ಈ ಗಲಾಟೆಯ ನಂತರ ಬ್ರಿಟನ್ 2010ರಲ್ಲಿ ಒಂದು ಕಾನೂನು ಮಾಡಿತು. ಸಾಲ ಪರಿಹಾರ ಯೋಜನೆಗೆ ಸೇರಿದ ಅತಿ ಬಡ ದೇಶಗಳ ಹಳೆಯ ಸಾಲದ ಮೇಲೆ ಇಂಥ ಫಂಡ್‌ಗಳು ಉಳಿದವರಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಚಿಕ್ಕ ಕಾನೂನು, ಆದರೆ ಕೆಲಸ ಮಾಡಿತು. ನ್ಯೂಯಾರ್ಕ್ ರಾಜ್ಯದ ಶಾಸನಸಭೆಯಲ್ಲೂ ಇಂಥ ಮಸೂದೆಗಳು ಬಂದಿವೆ, ಪಾಸಾಗಿಲ್ಲ.

ಕೋರ್ಟು ಕಟ್ಟಲು ಹೋದವರ ಕಥೆ

ದೇಶಗಳಿಗೂ ಒಂದು ದಿವಾಳಿ ಕಾನೂನು ಬೇಕು ಅನ್ನುವುದನ್ನು ಎಡಪಂಥೀಯರು ಮಾತ್ರ ಹೇಳಿದ್ದಲ್ಲ. 2001ರ ನವೆಂಬರ್‌ನಲ್ಲಿ ಇದನ್ನು ಮಂಡಿಸಿದವರು ಐಎಂಎಫ್‌ನ ಆಗಿನ ಎರಡನೇ ಸ್ಥಾನದ ಅಧಿಕಾರಿ ಆನ್ ಕ್ರೂಗರ್. ಮುಕ್ತ ಮಾರುಕಟ್ಟೆಯ ಕಟ್ಟಾ ಬೆಂಬಲಿಗರು. ಸಾಲ ಕೊಟ್ಟವರಲ್ಲಿ ದೊಡ್ಡ ಬಹುಮತ ಒಪ್ಪಿದರೆ ಎಲ್ಲರೂ ಒಪ್ಪಿದಂತೆ, ವ್ಯಾಜ್ಯ ಬಂದರೆ ನೋಡಲು ಒಂದು ವೇದಿಕೆ, ಇದೆಲ್ಲಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ಬಲ. 2003ರ ಏಪ್ರಿಲ್‌ನಲ್ಲಿ ಅದು ಬಿದ್ದುಹೋಯಿತು. ಬುಷ್ ಸರ್ಕಾರದ ಖಜಾನೆ ಇಲಾಖೆಗೆ ಬೇಡವಾಗಿತ್ತು, ವಾಲ್ ಸ್ಟ್ರೀಟ್‌ಗೆ ಬೇಡವಾಗಿತ್ತು. ಮಜಾ ಏನೆಂದರೆ ಸಾಲ ಮಾಡುವ ಮೆಕ್ಸಿಕೊ, ಬ್ರೆಜಿಲ್‌ಗೂ ಬೇಡವಾಗಿತ್ತು. ದಿವಾಳಿ ಸುಲಭವಾದರೆ ನಮಗೆ ಬಡ್ಡಿ ಜಾಸ್ತಿ ಹಾಕುತ್ತಾರೆ ಅನ್ನುವ ಭಯ ಅವರದು.

ಅದರ ಬದಲಿಗೆ ಬಂದದ್ದು ಬಾಂಡ್ ಪತ್ರದಲ್ಲೇ ಬರೆಯುವ ಬಹುಮತದ ಷರತ್ತು. ಮೌಲ್ಯದ ಲೆಕ್ಕದಲ್ಲಿ ಶೇ 75ರಷ್ಟು ಬಾಂಡ್‌ದಾರರು ಒಪ್ಪಿದರೆ ಉಳಿದವರೂ ಒಪ್ಪಲೇಬೇಕು. 2003ರಲ್ಲಿ ಮೆಕ್ಸಿಕೊ ನ್ಯೂಯಾರ್ಕ್ ಬಾಂಡ್‌ನಲ್ಲಿ ಇದನ್ನು ಹಾಕಿ ತೋರಿಸಿತು, ಬೇರೆಯವರೂ ಹಿಂಬಾಲಿಸಿದರು. ಒಳ್ಳೆಯ ಸುಧಾರಣೆಯೇ. ತೂತು ಎಲ್ಲಿತ್ತು ಅಂದರೆ, ಮತ ಎಣಿಸುವುದು ಒಂದೊಂದು ಬಾಂಡಿಗೆ ಬೇರೆ ಬೇರೆ. ಒಂದು ಬಾಂಡ್‌ನ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕೊಂಡುಬಿಟ್ಟರೆ ಸಾಕು, ಇಡೀ ಬಾಂಡನ್ನು ಹಿಡಿದಿಡಬಹುದು. ಲಂಕಾದಲ್ಲಿ ಕಣ್ಣಿಗೆ ಕಟ್ಟುವ ಹಾಗೆ ಇದೇ ಆಯಿತು. 2022ರ ಜುಲೈಗೆ ತೀರಬೇಕಿದ್ದ 100 ಕೋಟಿ ಡಾಲರಿನ ಬಾಂಡ್‌ನಲ್ಲಿ ಕೆರಿಬಿಯನ್ ದ್ವೀಪವೊಂದರ ಹ್ಯಾಮಿಲ್ಟನ್ ರಿಸರ್ವ್ ಬ್ಯಾಂಕ್ 25 ಕೋಟಿ ಡಾಲರಿಗೆ ಚೂರು ಜಾಸ್ತಿ ಕೊಂಡಿತ್ತು. ಲಂಕಾ ಅಧ್ಯಕ್ಷರ ನಿವಾಸಕ್ಕೆ ಜನ ನುಗ್ಗುವುದಕ್ಕೆ ಕೆಲವು ವಾರ ಮೊದಲು, ಜೂನ್‌ನಲ್ಲೇ ಆ ಬ್ಯಾಂಕ್ ನ್ಯೂಯಾರ್ಕಿನಲ್ಲಿ ಕೇಸು ಹಾಕಿಯಾಗಿತ್ತು. ಸಾಲದ ಮಾತುಕತೆ ಕೆಡಬಾರದು ಅಂತ ಕೋರ್ಟ್ ವಿಚಾರಣೆಗೆ ಮತ್ತೆ ಮತ್ತೆ ತಡೆ ಕೊಟ್ಟಿತು.

ಹೊಸ ಬಾಂಡ್‌ಗಳಲ್ಲಿ ಈ ತೂತು ಮುಚ್ಚಿದ್ದಾರೆ. 2014ರ ನಂತರದ ಮಾದರಿ ಷರತ್ತಿನಲ್ಲಿ ಒಂದು ದೇಶದ ಎಲ್ಲ ಬಾಂಡ್‌ಗಳ ಮತವನ್ನು ಒಟ್ಟಿಗೆ ಎಣಿಸಬಹುದು. ಆದರೂ ಇದು ಬಾಂಡಿಗೆ ಮಾತ್ರ. ಬ್ಯಾಂಕ್ ಸಾಲಕ್ಕಿಲ್ಲ, ಸರ್ಕಾರಗಳ ಸಾಲಕ್ಕಿಲ್ಲ. ಆ ಮೂರೂ ಗುಂಪನ್ನು ಒಂದೇ ಮೇಜಿಗೆ ಕೂರಿಸುವ ಕಾನೂನು ಇವತ್ತಿಗೂ ಇಲ್ಲ. 2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ದೇಶಗಳ ಸಾಲ ಪುನಾರಚನೆಗೆ, ಅಂದರೆ ಸಾಲದ ಮೊತ್ತ, ಬಡ್ಡಿ, ಕಂತುಗಳನ್ನು ಹೊಸದಾಗಿ ಗೊತ್ತುಮಾಡುವುದಕ್ಕೆ, ಒಂಬತ್ತು ತತ್ವಗಳನ್ನು ಪಾಸು ಮಾಡಿತು. ಪರ 136, ವಿರುದ್ಧ ಬರೀ 6. ಆದರೆ ಆ ಆರರಲ್ಲಿ ಅಮೆರಿಕ, ಬ್ರಿಟನ್ ಇದ್ದವು. ಬಾಂಡ್‌ಗಳ ಕಾನೂನು ಇರುವುದೇ ಆ ಎರಡು ದೇಶಗಳಲ್ಲಿ. ಹಾಗಾಗಿ ಅದು ಕಾಗದದಲ್ಲೇ ಉಳಿಯಿತು.

ತಡವಾದರೆ ಯಾರಿಗೆ ಲಾಭ?

ಸುಧಾರಣೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎಷ್ಟು ಸಾಲ ಮನ್ನಾ ಆಯಿತು ಅಂತ ನೋಡುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಎಷ್ಟು ದಿನ ಹಿಡಿಯಿತು ಅನ್ನೋದು. ಆ ತಡ ಆಕಸ್ಮಿಕವಾಗಿ ಆಗುವುದಲ್ಲ, ಅದರಿಂದ ಯಾರಿಗೋ ಅನುಕೂಲವಿರುತ್ತದೆ.

1982ರ ಆಗಸ್ಟ್‌ನಲ್ಲಿ ಮೆಕ್ಸಿಕೊ ಸಾಲ ಕಟ್ಟಲಾಗುವುದಿಲ್ಲ ಅಂದಿತು. ಅಮೆರಿಕದ ದೊಡ್ಡ ಬ್ಯಾಂಕುಗಳು ಲ್ಯಾಟಿನ್ ಅಮೆರಿಕಕ್ಕೆ ಕೊಟ್ಟಿದ್ದ ಸಾಲ ಅವುಗಳ ಸ್ವಂತ ಬಂಡವಾಳಕ್ಕಿಂತ ಹೆಚ್ಚಿತ್ತು. ಸಾಲ ಮುಳುಗಿದೆ ಅಂತ ಲೆಕ್ಕದಲ್ಲಿ ತೋರಿಸಿದರೆ ಬ್ಯಾಂಕುಗಳೇ ಮುಳುಗುತ್ತಿದ್ದವು. ಅದಕ್ಕೆ ಹೊಸ ಸಾಲ ಕೊಟ್ಟು ಹಳೆಯ ಬಡ್ಡಿ ಕಟ್ಟಿಸುತ್ತ ವರ್ಷಗಳನ್ನು ದೂಡಿದರು. ಬ್ಯಾಂಕುಗಳು ಚೇತರಿಸಿಕೊಂಡ ಮೇಲೆ, 1989ರಲ್ಲಿ ಅಮೆರಿಕದ ಖಜಾನೆ ಕಾರ್ಯದರ್ಶಿ ನಿಕೋಲಸ್ ಬ್ರೇಡಿ ಸಾಲ ಕಡಿತದ ಯೋಜನೆ ತಂದರು. ಆ ಏಳು ವರ್ಷವನ್ನು ಲ್ಯಾಟಿನ್ ಅಮೆರಿಕದವರು 'ಕಳೆದುಹೋದ ದಶಕ'ದ ಲೆಕ್ಕಕ್ಕೆ ಹಾಕುತ್ತಾರೆ.

ಗ್ರೀಸ್‌ನದೂ ಅದೇ ರಾಗ. 2010ರ ಮೇ ತಿಂಗಳಲ್ಲಿ 11,000 ಕೋಟಿ ಯೂರೋ ನೆರವು ಘೋಷಿಸಿದರು, ಹಳೆಯ ಸಾಲಕ್ಕೆ ಕತ್ತರಿ ಹಾಕಲಿಲ್ಲ. ಕತ್ತರಿ ಬಿದ್ದದ್ದು 2012ರ ಮಾರ್ಚ್‌ನಲ್ಲಿ, ಬಾಂಡ್‌ಗಳ ಮುಖಬೆಲೆಯ ಅರ್ಧಕ್ಕೂ ಹೆಚ್ಚು. ನಡುವಿನ ಎರಡು ವರ್ಷದಲ್ಲಿ ಖಾಸಗಿ ಬ್ಯಾಂಕುಗಳು ಮೆಲ್ಲಗೆ ಹೊರಬಂದವು, ಸಾಲ ಯುರೋಪಿನ ತೆರಿಗೆದಾರರ ಹೆಗಲಿಗೆ ಬಂತು. ಈ ತಡದಿಂದ ಖಾಸಗಿಯವರಿಗೆ ತಪ್ಪಿಸಿಕೊಳ್ಳಲು ಅವಕಾಶವಾಯಿತು ಅಂತ ಐಎಂಎಫ್‌ನ 2013ರ ಸ್ವಂತ ವರದಿಯೇ ಒಪ್ಪಿಕೊಂಡಿದೆ.

ಈಗ ಹೊಸ ತೊಡಕು ಚೀನಾ. ಮೊದಲೆಲ್ಲ ಸಾಲ ಕೊಟ್ಟ ಸರ್ಕಾರಗಳು ಪ್ಯಾರಿಸ್ ಕ್ಲಬ್ ಎಂಬ ಕೂಟದಲ್ಲಿ ಕೂತು ಮಾತಾಡಿ ಮುಗಿಸುತ್ತಿದ್ದವು. ಚೀನಾ ಅದರ ಸದಸ್ಯ ಅಲ್ಲ, ಭಾರತವೂ ಅಲ್ಲ. ಅದಕ್ಕೇ 2020ರಲ್ಲಿ ಜಿ-20 'ಸಾಮಾನ್ಯ ಚೌಕಟ್ಟು' ಅಂತ ಒಂದನ್ನು ಮಾಡಿತು. ಅದೇ ನವೆಂಬರ್‌ನಲ್ಲಿ ಸುಸ್ತಿದಾರನಾದ ಜಾಂಬಿಯಾ ಅದನ್ನು ನಂಬಿ ಹೋಯಿತು. ಸರ್ಕಾರಗಳ ಜತೆ ಒಪ್ಪಂದ ಆದದ್ದು 2023ರ ಜೂನ್‌ನಲ್ಲಿ. ಆಮೇಲೆ ಬಾಂಡ್‌ದಾರರ ಜತೆ ಮಾಡಿಕೊಂಡ ಒಪ್ಪಂದವನ್ನು 'ಅವರು ಕಡಿಮೆ ಬಿಟ್ಟಿದ್ದಾರೆ, ನಾವು ಯಾಕೆ ಜಾಸ್ತಿ ಬಿಡಬೇಕು' ಅಂತ ಸರ್ಕಾರಗಳು ತಳ್ಳಿಹಾಕಿದವು. ಮತ್ತೆ ಮಾತುಕತೆ. ಬಾಂಡ್‌ಗಳ ಲೆಕ್ಕ ಮುಗಿಯುವಾಗ 2024ರ ಜೂನ್. ಮೂರೂವರೆ ವರ್ಷ.

ಶ್ರೀಲಂಕಾಕ್ಕೆ ಆ ಚೌಕಟ್ಟೂ ಸಿಗಲಿಲ್ಲ, ಯಾಕೆಂದರೆ ಅದು ಮಧ್ಯಮ ಆದಾಯದ ದೇಶ, ಚೌಕಟ್ಟು ಬಡ ದೇಶಗಳಿಗೆ ಮಾತ್ರ. ಜಪಾನ್, ಫ್ರಾನ್ಸ್, ಭಾರತ ಸೇರಿ ಬೇರೆಯೇ ಒಂದು ಸಮಿತಿ ಕಟ್ಟಬೇಕಾಯಿತು. ಚೀನಾ ಅದರೊಳಗೆ ಬರಲಿಲ್ಲ, ಪಕ್ಕದಲ್ಲಿ ಪ್ರತ್ಯೇಕವಾಗಿ ಮಾತಾಡಿತು.

ಈ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸುವ ಪ್ರಯತ್ನ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. 2023ರ ಫೆಬ್ರುವರಿಯಲ್ಲಿ ಭಾರತದ ಅಧ್ಯಕ್ಷತೆಯಲ್ಲಿ ಜಿ-20 ಹಣಕಾಸು ಸಚಿವರ ಸಭೆ ಆಯಿತಲ್ಲ, ಅದರ ಜತೆಗೇ ಜಾಗತಿಕ ಸಾಲ ದುಂಡುಮೇಜಿನ ಸಭೆ ಸೇರಿತು. ಐಎಂಎಫ್, ವಿಶ್ವ ಬ್ಯಾಂಕ್ ಮತ್ತು ಭಾರತ ಅದರ ನೇತೃತ್ವ ವಹಿಸಿದ್ದವು. ನಮ್ಮ ಪತ್ರಿಕೆಗಳಲ್ಲಿ ಟ್ರಾಫಿಕ್ ಬದಲಾವಣೆಗೆ ಸಿಕ್ಕಷ್ಟು ಜಾಗ ಅದಕ್ಕೆ ಸಿಗಲಿಲ್ಲ ಬಿಡಿ. ಅಲ್ಲಿನ ದೊಡ್ಡ ಜಗ್ಗಾಟ ಇದು: ವಿಶ್ವ ಬ್ಯಾಂಕೂ ನಷ್ಟದಲ್ಲಿ ಪಾಲು ತೆಗೆದುಕೊಳ್ಳಲಿ ಅಂತ ಚೀನಾ. ನಾವು ನಷ್ಟ ಹೊತ್ತರೆ ನಮಗೆ ಅಗ್ಗದ ಬಡ್ಡಿಗೆ ಹಣ ಸಿಗುವುದಿಲ್ಲ, ಆಗ ಬಡ ದೇಶಗಳಿಗೇ ತೊಂದರೆ ಅಂತ ಈ ಸಂಸ್ಥೆಗಳು. ಮುಂದಿನ ಏಪ್ರಿಲ್ ಹೊತ್ತಿಗೆ ಚೀನಾ ಪಟ್ಟು ಸಡಿಲಿಸಿತು, ವಿಶ್ವ ಬ್ಯಾಂಕ್ ಅದರ ಬದಲಿಗೆ ಹೊಸ ಅಗ್ಗದ ಸಾಲ ಮತ್ತು ಅನುದಾನ ಕೊಡುವುದು ಅಂತಾಯಿತು. 2025ರಲ್ಲಿ ಈ ದುಂಡುಮೇಜು ಪುನಾರಚನೆಯ ಕೈಪಿಡಿಯೊಂದನ್ನು ಹೊರತಂದಿತು. ಯಾವ ಹಂತ ಆದಮೇಲೆ ಯಾವುದು, ಯಾರಿಗೆ ಯಾವ ಮಾಹಿತಿ ಯಾವಾಗ ಕೊಡಬೇಕು ಅಂತ ಅದರಲ್ಲಿದೆ. ಕಾನೂನಿನ ಬಲ ಇಲ್ಲ. ಆದರೂ ಮೊದಲ ಸಲ ದಾರಿಯನ್ನು ಬರೆದಿಟ್ಟಿದ್ದಾರೆ.

ಮುಳುಗುವ ಮೊದಲೇ

ಬಿಕ್ಕಟ್ಟು ಬರದಂತೆ ತಡೆಯಲು ಒಂದು ದೇಶ ಏನು ಮಾಡಬಹುದು? ಭಾರತ ಮಾಡಿದ್ದು ಡಾಲರ್ ಕೂಡಿಡುವುದು. 1991ರಲ್ಲಿ ನಮ್ಮ ಹತ್ತಿರ ಮೂರು ವಾರದ ಆಮದಿಗೂ ಸಾಲದಷ್ಟು ಡಾಲರ್ ಉಳಿದಿತ್ತು. ಆ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಹೊರಗೆ ಕಳಿಸಿ, ಗಿರವಿ ಇಟ್ಟು 40 ಕೋಟಿ ಡಾಲರ್ ತಂದಿತು. ಆ ಅವಮಾನವನ್ನು ದೆಹಲಿ ಮರೆಯಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಮೀಸಲು 70,000 ಕೋಟಿ ಡಾಲರ್ ದಾಟಿತ್ತು. 1997ರ ಬಿಕ್ಕಟ್ಟಿನಲ್ಲಿ ಸುಟ್ಟುಕೊಂಡ ಥಾಯ್ಲೆಂಡ್, ಕೊರಿಯಾ, ಇಂಡೊನೇಷ್ಯಾ ಕೂಡ ಇದನ್ನೇ ಮಾಡಿದವು. ಇದಕ್ಕೂ ಬೆಲೆ ಇದೆ. ಈ ದುಡ್ಡಿನ ದೊಡ್ಡ ಪಾಲು ಅಮೆರಿಕದ ಸರ್ಕಾರಿ ಬಾಂಡ್‌ಗಳಂಥ ಕಡೆ ಕಡಿಮೆ ಬಡ್ಡಿಗೆ ಕೂತಿರುತ್ತದೆ. ಶಾಲೆಗೋ ರಸ್ತೆಗೋ ಬರುವುದಿಲ್ಲ. ಮತ್ತು ಸಣ್ಣ ದೇಶಗಳಿಗೆ ಇಷ್ಟು ಕೂಡಿಡಲು ಆಗುವುದೇ ಇಲ್ಲ.

ಡಾಲರ್ ಕೊರತೆ ಬಂದಾಗ ನಿಜವಾಗಿ ಉಳಿಸುವುದು ಫೆಡ್‌ನ ಸ್ವಾಪ್ ಸೌಲಭ್ಯ. ನಿಮ್ಮ ಕರೆನ್ಸಿ ಇಟ್ಟುಕೊಂಡು ಡಾಲರ್ ಕೊಡುತ್ತಾರೆ, ಷರತ್ತು ಹೆಚ್ಚಿಲ್ಲ, ಕ್ಷಣದಲ್ಲಿ ಸಿಗುತ್ತದೆ. 2008ರ ಅಕ್ಟೋಬರ್‌ನಲ್ಲಿ ಬ್ರೆಜಿಲ್, ಮೆಕ್ಸಿಕೊ, ದಕ್ಷಿಣ ಕೊರಿಯಾ, ಸಿಂಗಪುರಕ್ಕೆ ತಲಾ 3,000 ಕೋಟಿ ಡಾಲರ್ ತನಕ ಕೊಡಲು ಒಪ್ಪಿದರು. 2020ರಲ್ಲಿ ಮತ್ತೆ ಅದೇ ಬಗೆಯ ಪಟ್ಟಿ. ಎರಡರಲ್ಲೂ ಭಾರತ ಇಲ್ಲ. ಯಾರು ಪಟ್ಟಿಯಲ್ಲಿರಬೇಕು ಅನ್ನುವುದು ಅಮೆರಿಕದ ತೀರ್ಮಾನ.

ಐಎಂಎಫ್ ತಾನೇ ಸೃಷ್ಟಿಸುವ ಮೀಸಲು ಹಣ ಒಂದಿದೆ, ಎಸ್‌ಡಿಆರ್ ಅಂತ. 2021ರ ಆಗಸ್ಟ್‌ನಲ್ಲಿ 65,000 ಕೋಟಿ ಡಾಲರ್ ಮೌಲ್ಯದಷ್ಟು ಹಂಚಿದರು. ಐಎಂಎಫ್‌ನಲ್ಲಿ ಒಂದೊಂದು ದೇಶಕ್ಕೆ ಇರುವ ಪಾಲಿನ, ಅಂದರೆ ಕೋಟಾ ಪ್ರಕಾರ ಹಂಚಿದ್ದರಿಂದ ಅಮೆರಿಕಕ್ಕೆ ಸುಮಾರು 11,300 ಕೋಟಿ ಬಂತು. ಇಡೀ ಆಫ್ರಿಕಾ ಖಂಡಕ್ಕೆ ಸಿಕ್ಕಿದ್ದು ಸುಮಾರು 3,300 ಕೋಟಿ. ಈ ಕೋಟಾ ಬದಲಾಯಿಸೋಣ ಅಂದರೆ ಶೇ 85 ಮತ ಬೇಕು. ಅಮೆರಿಕದ ಕೈಯಲ್ಲಿ ಶೇ 16ಕ್ಕೂ ಹೆಚ್ಚು ಮತ ಇದೆ. ಅದು ಬೇಡ ಅಂದರೆ ಮುಗಿಯಿತು. 2010ರಲ್ಲಿ ಒಪ್ಪಿದ ಸಣ್ಣ ಬದಲಾವಣೆಯೊಂದು ಅಮೆರಿಕದ ಸಂಸತ್ತಿನಲ್ಲಿ ಸಿಕ್ಕಿಹಾಕಿಕೊಂಡು ಜಾರಿಗೆ ಬಂದದ್ದು 2016ರಲ್ಲಿ. ಭಾರತಕ್ಕೆ ಇರುವ ಮತ ಶೇ 2.6 ಮಾತ್ರ.

ಐಎಂಎಫ್ ಸಹವಾಸವೇ ಬೇಡ ಅಂತ ಬೇರೆ ಕೂಟ ಕಟ್ಟಿದವರೂ ಇದ್ದಾರೆ. ಏಷ್ಯಾದ ಕೆಲವು ದೇಶಗಳು 2000ದಲ್ಲಿ, ಕೊರತೆ ಬಂದಾಗ ಒಬ್ಬರಿಗೊಬ್ಬರು ಡಾಲರ್ ಕೊಡುವ ಚಿಯಾಂಗ್ ಮಾಯ್ ಒಪ್ಪಂದ ಮಾಡಿಕೊಂಡವು. ಬ್ರಿಕ್ಸ್ ದೇಶಗಳು 2014ರಲ್ಲಿ 10,000 ಕೋಟಿ ಡಾಲರಿನ ತುರ್ತು ನಿಧಿ ಘೋಷಿಸಿದವು. ಅದರ ಜತೆ ಹುಟ್ಟಿದ ಬ್ರಿಕ್ಸ್ ಬ್ಯಾಂಕಿನ ಮೊದಲ ಅಧ್ಯಕ್ಷರಾಗಿದ್ದವರು ಮಂಗಳೂರಿನ ಕೆ.ವಿ. ಕಾಮತ್. ಬ್ಯಾಂಕು ರಸ್ತೆ, ವಿದ್ಯುತ್ ಯೋಜನೆಗೆ ಸಾಲ ಕೊಡುತ್ತಿದೆ. ತುರ್ತು ನಿಧಿಯನ್ನು ಮಾತ್ರ ಯಾರೂ ಮುಟ್ಟಿಲ್ಲ. ಯಾಕೆ ಅಂತ ಕರಾರು ಪತ್ರ ಓದಿದರೆ ಗೊತ್ತಾಗುತ್ತದೆ. ನಿಮ್ಮ ಪಾಲಿನ ಶೇ 30 ಸುಮ್ನೆ ಸಿಗುತ್ತದೆ. ಉಳಿದ ಶೇ 70 ಬೇಕೆಂದರೆ ಐಎಂಎಫ್ ಜತೆ ಒಪ್ಪಂದ ಇರಬೇಕು!

ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಸಾಲಪತ್ರದ ಒಳಗೇ ಬರೆಯುವ ಸಣ್ಣ ಷರತ್ತುಗಳು. ಕೆರಿಬಿಯನ್‌ನ ಪುಟ್ಟ ದೇಶ ಗ್ರೆನಡಾ 2015ರಲ್ಲಿ ಸಾಲ ಪುನಾರಚನೆ ಮಾಡುವಾಗ ಚಂಡಮಾರುತದ ಷರತ್ತು ಸೇರಿಸಿತು. ದೊಡ್ಡ ಚಂಡಮಾರುತ ಹೊಡೆದರೆ ಕೆಲವು ಕಂತು ತಾನಾಗಿ ಮುಂದಕ್ಕೆ ಹೋಗುತ್ತದೆ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಆ ದೇಶದ ಕ್ಯಾರಿಯಾಕು ದ್ವೀಪವನ್ನು ನೆಲಸಮ ಮಾಡಿತು. ಗ್ರೆನಡಾ ಷರತ್ತು ತೋರಿಸಿತು, ಕಂತು ಮುಂದಕ್ಕೆ ಹೋಯಿತು. ಮಾತುಕತೆ ಇಲ್ಲ, ಪತ್ರಕ್ಕೆ ಕಾಯುವುದಿಲ್ಲ, ಸುಸ್ತಿದಾರ ಅನ್ನುವ ಹಣೆಪಟ್ಟಿಯೂ ಇಲ್ಲ.

ಶ್ರೀಲಂಕಾದ ಲೆಕ್ಕ ಚುಕ್ತಾ ಆದದ್ದು ಹೇಗೆ ಅಂದರೆ, 2024ರ ಜೂನ್ 26ರಂದು ಭಾರತ, ಜಪಾನ್, ಫ್ರಾನ್ಸ್‌ಗಳ ಸಮಿತಿ ಮತ್ತು ಚೀನಾದ ಸರ್ಕಾರಿ ಬ್ಯಾಂಕಾದ ಎಕ್ಸಿಮ್ ಬ್ಯಾಂಕ್ ಜತೆ ಸಹಿ ಬಿತ್ತು. ಆ ಡಿಸೆಂಬರ್‌ನಲ್ಲಿ ಬಾಂಡ್‌ದಾರರು ಹೊಸ ಬಾಂಡ್ ತೆಗೆದುಕೊಂಡರು. ಈ ಹೊಸ ಬಾಂಡ್‌ಗಳಲ್ಲಿ ಬಹುಪಾಲು ಆರ್ಥಿಕತೆಗೆ ಜೋಡಿಸಿದಂಥವು. ದೇಶ ಅಂದಾಜಿಗಿಂತ ಚೆನ್ನಾಗಿ ಬೆಳೆದರೆ ಬಾಂಡ್‌ದಾರರಿಗೆ ಹೆಚ್ಚು ಸಿಗುತ್ತದೆ, ಬೆಳೆಯದಿದ್ದರೆ ಕಡಿಮೆ. ಆದರೆ ಎಲ್ಲರಿಗಿಂತ ಮೊದಲು, 2023ರಲ್ಲೇ, ಪೆಟ್ಟು ತಿಂದವರು ಬೇರೆ. ಅಲ್ಲಿನ ಕಾರ್ಮಿಕರ ಭವಿಷ್ಯ ನಿಧಿಯ ಕೈಲಿದ್ದ ಸರ್ಕಾರಿ ಬಾಂಡ್‌ಗಳನ್ನು ಕಡಿಮೆ ಬಡ್ಡಿಯ ಬಾಂಡ್‌ಗಳಿಗೆ ಬದಲಾಯಿಸಿದರು. ಒಪ್ಪದಿದ್ದರೆ ಆದಾಯದ ಮೇಲೆ ಶೇ 14ರ ಬದಲು ಶೇ 30 ತೆರಿಗೆ ಅಂದರು. ದೇಶದ ಬ್ಯಾಂಕುಗಳ ಬಾಂಡಿಗೆ ಕೈ ಹಾಕಲಿಲ್ಲ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಯುವವರಿಗೆ ನ್ಯೂಯಾರ್ಕಿನಲ್ಲಿ ವಕೀಲರಿರಲಿಲ್ಲ.

ಸಾಲ ಕೊಟ್ಟವರ ಪ್ಯಾರಿಸ್ ಕ್ಲಬ್ ಶುರುವಾದದ್ದು 1956ರಲ್ಲಿ, ಅರ್ಜೆಂಟೀನಾದ ಸಾಲದ ವಿಚಾರ ಮಾತಾಡಲಿಕ್ಕೆ. ಸಾಲ ಪಡೆದ ದೇಶಗಳು ಒಟ್ಟಿಗೆ ಕೂತು ಅನುಭವ ಹಂಚಿಕೊಳ್ಳಲು ಒಂದು ವೇದಿಕೆ ಬೇಕು ಎಂಬ ಮಾತು 2025ರ ಜೂನ್-ಜುಲೈನಲ್ಲಿ ಸ್ಪೇನಿನ ಸೆವಿಲ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದ ಒಪ್ಪಂದದಲ್ಲಿ ಸೇರಿತು. ಅಮೆರಿಕ ಆ ಸಮ್ಮೇಳನಕ್ಕೆ ಬರಲಿಲ್ಲ.